ಸುಣ್ಣದ ಪಟ್ಟೆ ಬಿದ್ದ ಸರಪಳಿ

ಉಜ್ಜನಪ್ಪನಂಥ ಹೆದರುಪುಕ್ಕಲನನ್ನು ಭದ್ರಾವತಿಯ ಹಳೇನಗರ ಅವನಿಗಿಂತ ಮುಂಚೆಯೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಮನೆಗೆ ಗ್ಯಾಸ್ ಸಿಲಿಂಡರ್ ಬಂದ ದಿನ ಹೆಂಡತಿ ಕಾಶಮ್ಮ ಒಲೆ ಹಚ್ಚುತ್ತಿದ್ದರೆ ಈತ ಬೀದಿಯಲ್ಲಿ ನಿಂತಿದ್ದ. ಗುಡುಗು ಬಂದರೆ ಟಿ.ವಿ.ಯ ವೈರನ್ನು ಮಾತ್ರವಲ್ಲ, ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ವೈರನ್ನೂ ಕಿತ್ತಿಡುತ್ತಿದ್ದ. ಹಗ್ಗ ಕಂಡರೆ ಹಾವು ಅನ್ನುವವರು ಇರ್ತಾರೆ, ನಮ್ಮನೆಯವರು ಹಗ್ಗದ ಅಂಗಡಿ ಬೀದಿಗೇ ಹೋಗಲ್ಲ ಎಂದು ಕಾಶಮ್ಮ ನೆಂಟರ ಮುಂದೆ ಆಡಿಕೊಳ್ಳುತ್ತಿದ್ದಳು. ಅಂಥವನಿಗೆ ಶಿವ ಹಣೆಯಲ್ಲಿ ಬರೆದ ಕೆಲಸ ಯಾವುದು ನೋಡಿ: ಹಡಗಿನ ಲಂಗರಿನ ಸರಪಳಿಗಳನ್ನು ಬಿಗಿಯಾಗಿ ಎಳೆಸಿ, ಹರಿಯುತ್ತದೋ ಇಲ್ಲವೋ ಎಂದು ಪಕ್ಕದಲ್ಲಿ ನಿಂತು ನೋಡುವುದು.

ಸಮುದ್ರ ಎಲ್ಲಿ, ಭದ್ರಾವತಿ ಎಲ್ಲಿ ಎಂದು ನೀವು ಕೇಳಬಹುದು. ಕಬ್ಬಿಣ ಇದ್ದಲ್ಲಿ ಸರಪಳಿ ಇರುತ್ತದೆ, ಅಷ್ಟೇ. ಶಿವಮೊಗ್ಗಕ್ಕೆ ಹೋಗುವ ದಾರಿಯ ಮಾಚೇನಹಳ್ಳಿಯಲ್ಲಿ ಶಿವಯೋಗಿ ಎಂಬವರದ್ದೊಂದು ಸಣ್ಣ ಕಾರ್ಖಾನೆ ಇತ್ತು. ತಗಡಿನ ಶೆಡ್ಡು, ಸಾಲು ಕುಲುಮೆಗಳು, ಹೊಗೆ ಹಿಡಿದ ಗೋಡೆಗಳು. ಮಲ್ಪೆ, ಮಂಗಳೂರಿನ ಕಡೆಯ ಮಂಜಿಗಳಿಗೆ ಸರಪಳಿ ಹೋಗುತ್ತಿದ್ದದ್ದು ಇಲ್ಲಿಂದ. ಮಂಜಿ ಎಂದರೆ ಮರದ ಹಾಯಿಹಡಗು. ತೊಂಬತ್ತರ ದಶಕದ ಹೊತ್ತಿಗೆ ಅವಕ್ಕೂ ಎಂಜಿನ್ ಬಂದಿತ್ತು, ಆದರೂ ಹಾಯಿ ಕಟ್ಟುವುದನ್ನು ಬಿಟ್ಟಿರಲಿಲ್ಲ. ಅಕ್ಕಿ, ಹೆಂಚು, ಸಿಮೆಂಟು ತುಂಬಿಕೊಂಡು ಲಕ್ಷದ್ವೀಪಕ್ಕೆ ಹೋಗುತ್ತಿದ್ದವು. ಅಲ್ಲಿ ದೊಡ್ಡ ಬಂದರು ಇಲ್ಲ. ಮಂಜಿ ದ್ವೀಪದ ಹೊರಗೆ ಲಂಗರು ಹಾಕಿ ನಿಲ್ಲಬೇಕು. ಗಾಳಿ ಎದ್ದರೆ ಹಿಂದೆ ಬಂಡೆಸಾಲು, ಮುಂದೆ ಆ ಒಂದು ಸರಪಳಿ.

ಆದ್ದರಿಂದ ಒಂದೊಂದು ಸರಪಳಿಯನ್ನೂ ಎಳೆದು ನೋಡದೆ ಕಳಿಸುವಂತಿರಲಿಲ್ಲ. ಶೆಡ್ಡಿನ ಹಿಂದೆ ಉದ್ದನೆಯ ಕಾಲುವೆಯಂಥ ಗುಂಡಿ ತೋಡಿದ್ದರು. ಸರಪಳಿಯನ್ನು ಅದರಲ್ಲಿ ಮಲಗಿಸಿ, ಒಂದು ತುದಿಯನ್ನು ಗೂಟಕ್ಕೂ ಇನ್ನೊಂದನ್ನು ಎಣ್ಣೆಯ ಪಂಪು ಎಳೆಯುವ ಕೊಕ್ಕೆಗೂ ಸಿಕ್ಕಿಸುತ್ತಿದ್ದರು. ಆಮೇಲೆ ಎಲ್ಲರೂ ಹೊರಗೆ. ಪಂಪು ನಡೆಸುವ ಮುರಳಿ ದೂರದ ಕೋಣೆಯಲ್ಲಿ, ಉಜ್ಜನಪ್ಪ ಮಾತ್ರ ದಪ್ಪ ಗೋಡೆಯ ಹಿಂದೆ, ಕಿಂಡಿಯಲ್ಲಿ ಕಣ್ಣಿಟ್ಟು ಎಳೆತ ತೋರಿಸುವ ಮುಳ್ಳು ನೋಡುತ್ತ ನಿಲ್ಲುವುದು. ಮುಳ್ಳು ಏರಿದಂತೆ ಸರಪಳಿ ಗುಂಡಿಯಿಂದ ಮೇಲೆದ್ದು, ಮೈಮೇಲಿನ ಕಪ್ಪು ಹೊಪ್ಪಳೆ ಉದುರಿಸುತ್ತ, ಸಣ್ಣಗೆ ನರಳುತ್ತಿತ್ತು. ಒಮ್ಮೆ ಹರಿದ ಕೊಂಡಿಯೊಂದು ಹಾರಿ ತಗಡಿನ ಮಾಡನ್ನು ತೂತು ಮಾಡಿ ಪಕ್ಕದ ಜೋಳದ ಹೊಲಕ್ಕೆ ಬಿದ್ದಿತ್ತು. ಅಂದು ಇಡೀ ದಿನ ಆತ ತನ್ನ ತಲೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡಿದ್ದ.

ಎಳೆತಕ್ಕೆ ನಿಂತ ಸರಪಳಿಯ ಒಂದೊಂದು ಕೊಂಡಿಯನ್ನೂ ಆತ ಸುತ್ತಿಗೆಯಿಂದ ಬಡಿದು ಕೇಳಿ, ಅಳತೆ ನೋಡಿ, ಕೊನೆಗೆ ತುದಿಯ ಕೊಂಡಿಗೆ ಸುಣ್ಣದ ಪಟ್ಟೆ ಬಳಿಯುತ್ತಿದ್ದ. ಪಟ್ಟೆ ಬಿತ್ತೆಂದರೆ ಪರೀಕ್ಷೆ ಮುಗಿಯಿತೆಂದು ಅರ್ಥ. ಲಾರಿ ಬಂದ ದಿನ ಶಿವಯೋಗಿಯವರು ಬೀರುವಿನಿಂದ ಮುದ್ರೆಯ ಉಳಿ ತೆಗೆದು ಕೊಡುವರು. ಉಜ್ಜನಪ್ಪ ಪಟ್ಟೆ ಬಿದ್ದ ಕೊಂಡಿಗೆ ಮುದ್ರೆ ಹೊಡೆದು ಪ್ರಮಾಣಪತ್ರಕ್ಕೆ ರುಜು ಹಾಕುವನು. ಆ ಮುದ್ರೆ ನೋಡದೆ ಬಂದರಿನವರು ಮಂಜಿಯನ್ನು ಬಿಡುತ್ತಿರಲಿಲ್ಲ. ಪುಕ್ಕಲನಾದ್ದರಿಂದ ಆತ ಯಾವುದನ್ನೂ ಅರೆಬರೆ ಬಿಟ್ಟವನಲ್ಲ ಎಂದು ಕರಾವಳಿಯಲ್ಲಿ ಒಳ್ಳೆಯ ಹೆಸರೇ ಇತ್ತು.

ಆ ವರ್ಷದ ಆಯುಧಪೂಜೆಯಲ್ಲಿ ಎಡವಟ್ಟಾಯಿತು. ಮಳೆಗಾಲ ಕಳೆದು ಮಂಜಿಗಳು ಹೊರಡುವ ಕಾಲ. ಮಲ್ಪೆಯ ತಂಡೇಲ, ಅಂದರೆ ಮಂಜಿಯ ನಾಯಕ, ಹಿರಿಯಣ್ಣನಿಗೆ ಎರಡು ಸರಪಳಿ ಬೇಕಿತ್ತು. ಒಂದನ್ನು ಉಜ್ಜನಪ್ಪ ಎಳೆದು ಪಟ್ಟೆ ಬಳಿದಿಟ್ಟಿದ್ದ. ಎರಡನೆಯದು ಹಬ್ಬದ ಹಿಂದಿನ ಸಂಜೆ ಕುಲುಮೆಯಿಂದ ಇಳಿದು, ಬಿಸಿ ಆರಲೆಂದು ಕಬ್ಬಿಣ ಬಡಿಯುವ ಅಡಿಗಲ್ಲಿನ ಪಕ್ಕ ರಾಶಿ ಬಿದ್ದಿತ್ತು. ಹಬ್ಬ ಕಳೆದ ಮೇಲೆ ಎಳೆದರಾಯಿತು ಅಂದುಕೊಂಡಿದ್ದ.

ಪೂಜೆಯ ದಿನ ವಿಭೂತಿ ಹಚ್ಚುವ ಪಾಳಿ ಯಾವತ್ತೂ ಉಜ್ಜನಪ್ಪನದೇ. ಬೇರೆಯವರಾದರೆ ಯಂತ್ರಕ್ಕೆ ನಾಕು ಬೆರಳು ಎಳೆದು ಮಂಡಕ್ಕಿ ತಿನ್ನಲು ಓಡುತ್ತಿದ್ದರು. ಈತನಿಗೆ ಹಾಗಲ್ಲ. ಒಂದು ಇಕ್ಕಳವನ್ನು ಬಿಟ್ಟರೂ ಅದು ವರ್ಷವಿಡೀ ಸಿಟ್ಟು ಸಾಧಿಸಿ ಒಂದು ದಿನ ತನ್ನ ಕೈಯನ್ನೇ ಕಚ್ಚೀತು ಎಂಬ ಭಯ. ಸುತ್ತಿಗೆ, ಕೊಕ್ಕೆ, ಪಂಪು, ಬಕೆಟ್ಟು, ಗೇಟಿನ ಬೀಗ, ಎಲ್ಲಕ್ಕೂ ಮೂರು ಮೂರು ಗೆರೆ ಎಳೆಯುತ್ತ ಬಂದ. ಅಡಿಗಲ್ಲಿನ ಹತ್ತಿರ ಬರುವಷ್ಟರಲ್ಲಿ ವಿಭೂತಿ ಗಟ್ಟಿ ತೀರಿಹೋಯಿತು. ಅಲ್ಲಿಗೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬಿಡುತ್ತಾನೆಯೇ? ಸುಣ್ಣದ ಡಬ್ಬಿಗೆ ಬೆರಳದ್ದಿ, ಶಿವನಿಗೆ ಬಿಳಿ ಕಂಡರೆ ಸಾಕು ಎಂದುಕೊಂಡು, ಅಡಿಗಲ್ಲಿಗೆ ಮೂರು ಗೆರೆ ಎಳೆದ. ಪಕ್ಕದ ಸರಪಳಿ ಮುನಿಸಿಕೊಂಡೀತೆಂದು ಅದಕ್ಕೂ ಎಳೆದ. ಸರಪಳಿಯ ಹಣೆ ಎಂದರೆ ತುದಿಯ ಕೊಂಡಿ ತಾನೆ? ಅಲ್ಲಿಗೇ ಎಳೆದ. ಕೈಮುಗಿದು ಮಂಡಕ್ಕಿ ತಿನ್ನಲು ಹೋದ.

ರಜೆ ಮುಗಿದು ಕಾರ್ಖಾನೆ ತೆರೆಯುವ ಹೊತ್ತಿಗೆ ಇಬ್ಬನಿಗೆ ಸರಪಳಿಯ ಮೇಲಿನ ಮೂರು ಗೆರೆ ಕಲೆತು ಒಂದೇ ಪಟ್ಟೆಯಂತಾಗಿದ್ದವು. ಗೇಟಿನ ಮುಂದೆ ಆಗಲೇ ಲಾರಿ. ಹಿರಿಯಣ್ಣನಿಂದ ಫೋನಿನ ಮೇಲೆ ಫೋನು. ಶಿವಯೋಗಿಯವರು ಉಳಿ ಹಿಡಿದು ನಿಂತಿದ್ದರು. ಅವರಿಗೆ ಮಧ್ಯಾಹ್ನ ಶಿವಮೊಗ್ಗದಲ್ಲಿ ಯಾರದೋ ಗೃಹಪ್ರವೇಶ. ಹುಡುಗರು ಬಿಳಿ ಪಟ್ಟೆ ಕಂಡ ಎರಡೂ ಸರಪಳಿಗಳನ್ನು ಲಾರಿಯ ಬಾಯಿಗೆ ಎಳೆದು ತಂದಿದ್ದರು. ಉಜ್ಜನಪ್ಪ ಬಗ್ಗಿದ, ಬಿಳಿ ನೋಡಿದ, ಹೊಡೆದ. ಎರಡಕ್ಕೂ ಹೊಡೆದ, ರುಜು ಹಾಕಿದ. ಲಾರಿ ಧೂಳೆಬ್ಬಿಸಿಕೊಂಡು ಹೋಯಿತು.

ಊಟ ಮಾಡಿ ಬಂದವನು ಹಬ್ಬದ ಗುರುತುಗಳನ್ನು ಒರೆಸತೊಡಗಿದ. ವಿಭೂತಿ ಒದ್ದೆ ಬಟ್ಟೆಗೆ ಸಲೀಸಾಗಿ ಬರುತ್ತಿತ್ತು. ಅಡಿಗಲ್ಲಿನದು ಬರಲಿಲ್ಲ. ಉಜ್ಜಿದ, ಉಗುರಿನಿಂದ ಕೆರೆದ. ಉಗುರಿನಲ್ಲಿ ಸುಣ್ಣ ಕೂತಿತು. ಇದೇನಪ್ಪ ಎಂದು ನೋಡುತ್ತಿದ್ದಂತೆ ಕಣ್ಣು ತಾನಾಗಿ ಪಕ್ಕದ ಖಾಲಿ ಜಾಗಕ್ಕೆ ಹೋಯಿತು. ಗುಂಡಿಗೆ ಓಡಿದ. ಕೊಕ್ಕೆಗೆ ಹಬ್ಬದ ದಿನ ಕಟ್ಟಿದ್ದ ಚೆಂಡುಹೂವಿನ ಹಾರ ಹಾಗೇ ಇತ್ತು, ಹಬ್ಬದ ಮೇಲೆ ಅದಕ್ಕೆ ಯಾವ ಸರಪಳಿಯನ್ನೂ ಸಿಕ್ಕಿಸಿರಲಿಲ್ಲ.

ಮುರಳಿಗೂ ಹೇಳಲಿಲ್ಲ. ಸಿಕ್ಕ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದ. ದುರ್ಗಿಗುಡಿಯ ಮನೆಯಲ್ಲಿ ಶಿವಯೋಗಿಯವರು ಗೃಹಪ್ರವೇಶದ ಹೋಳಿಗೆ ತಿಂದು ಬಂದು ಅಡ್ಡಾಗಿದ್ದರು. ಎಲ್ಲ ಕೇಳಿದವರು ಎದ್ದು ಮೊದಲು ಬಾಗಿಲು ಹಾಕಿದರು. ಕೆಟ್ಟ ಮನುಷ್ಯರೇನಲ್ಲ, ಆದರೆ ಕಾರ್ಖಾನೆ ಕಟ್ಟಿದವರು. ಅದೇ ಕಬ್ಬಿಣ, ಅದೇ ಕುಲುಮೆ, ಅದೇ ಕೈಗಳು ಎಂದು ತಿಳಿಯಹೇಳಿದರು. ಪರೀಕ್ಷೆ ಆಗಿಲ್ಲ ಎಂದ ಮಾತ್ರಕ್ಕೆ ಸರಪಳಿ ಕೆಟ್ಟದ್ದೆಂದು ಯಾರು ಹೇಳಿದರು, ನೀನು ಎಳೆದವುಗಳಲ್ಲಿ ಹರಿದದ್ದು ಎಷ್ಟು ಎಂದು ಕೇಳಿದರು. ಅವನು ತಲೆ ಎತ್ತದಿದ್ದಾಗ ದನಿ ತಗ್ಗಿಸಿದರು.

“ಬಾಯಿ ಬಿಟ್ರೆ ಮುದ್ರೆ ಹೋಗುತ್ತೆ ಉಜ್ಜನಪ್ಪ. ಮುದ್ರೆ ಹೋದ್ರೆ ನಾಳೆ ಗೇಟಿಗೆ ಬೀಗ. ಅಷ್ಟೂ ಮನೆ ಒಲೆ ಆರಿಸ್ತೀಯಾ?”

ಆ ಒಲೆಗಳಲ್ಲಿ ಒಂದು ಆತನದೇ. ಮಗಳು ಪ್ರಿಯದರ್ಶಿನಿ ಆಗಷ್ಟೇ ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಸೇರಿದ್ದಳು. ಅಂದು ಮನೆಗೆ ಬಂದು ಮುದ್ದೆ ಮುರಿದ, ನುಂಗಲಾಗಲಿಲ್ಲ. ಮರುದಿನ ಕೆಲಸಕ್ಕೆ ಹೋಗಿ ಯಾರೊಂದಿಗೂ ಮಾತಾಡದೆ ಬಂದ. ಹೇಳಿದರೆ ಬೀಗ, ಹೇಳದಿದ್ದರೆ ಹೆಣ. ಆ ಕಡೆ ನೋಡಿದರೂ ಭಯ, ಈ ಕಡೆ ನೋಡಿದರೂ ಭಯ. ಭಯ ಹೆಚ್ಚಾದಾಗ ಪುಕ್ಕಲರು ಏನು ಮಾಡುತ್ತಾರೋ ಅದನ್ನೇ ಮಾಡಿದ: ಏನೂ ಮಾಡಲಿಲ್ಲ. ಆತನನ್ನು ಬೈಯಬೇಕೆಂದಿದ್ದರೆ ಆ ಒಂದು ದಿನಕ್ಕೇ ಬೈಯಬೇಕು.

ಅದರ ಮರುದಿನ ತಡೆಯಲಾರದೆ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ನುಗ್ಗಿ ಮಲ್ಪೆಯ ಏಜೆಂಟರಿಗೆ ಫೋನು ಹಚ್ಚಿದ. ಹಿರಿಯಣ್ಣನ ಮಂಜಿ ಅಂದು ಬೆಳಗಿನ ಜಾವವೇ ಹೊರಟಿತ್ತು. ಹಿಂದಿನ ದಿನ ಮಾಡಿದ್ದರೆ ಸಿಗುತ್ತಿದ್ದರಲ್ಲ, ಎಂತ ವಿಷಯ ಎಂದು ಆ ಕಡೆಯವರು ಕೇಳಿದರು. ಮಂಜಿ ಬಂದ ಕೂಡಲೇ ಪ್ರಮಾಣಪತ್ರದಲ್ಲಿ ಎರಡನೆಯದೆಂದು ಬರೆದ ಸರಪಳಿಯನ್ನು ವಾಪಸು ತರಬೇಕಂತೆ ಎಂದಷ್ಟೇ ಹೇಳಿ ಉಜ್ಜನಪ್ಪ ಫೋನಿಟ್ಟ. ಬೂತಿನ ಗಾಜಿನಲ್ಲಿ ಕಂಡ ತನ್ನ ಮುಖ ತನಗೇ ಗುರುತು ಸಿಗಲಿಲ್ಲ.

ಅಂದಿನಿಂದ ಅವನ ಪಾಡು ನಾಯಿಗೂ ಬೇಡ. ಹಳೇನಗರದ ಸೇತುವೆಯ ಮೇಲೆ ನಡೆಯುವಾಗ ಕೆಳಗೆ ಭದ್ರೆ ಕಂಡರೆ ಸಾಕು, ಮುಖ ತಿರುಗಿಸುತ್ತಿದ್ದ. ಕಾರ್ಖಾನೆಯಲ್ಲಿ ಯಾರಾದರೂ ಹಿಂದಿನಿಂದ ಹೆಸರು ಹಿಡಿದು ಕರೆದರೆ ಬೆಚ್ಚುತ್ತಿದ್ದ. ಖಾಕಿ ಬಟ್ಟೆ ಕಂಡರೆ, ಅದು ಬಸ್ ಡ್ರೈವರನದಾದರೂ ಸರಿ, ಬೆವರುತ್ತಿದ್ದ. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗದೆಯೇ ಹೆಗಲು ಮುಟ್ಟಿ ನೋಡಿಕೊಳ್ಳುವ ಬಾಳು.

ಒಂದು ಸಂಜೆ ಭದ್ರಾವತಿ ಆಕಾಶವಾಣಿಯಲ್ಲಿ ಅಡಿಕೆ ಧಾರಣೆ ಮುಗಿದ ಮೇಲೆ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ, ಮೀನುಗಾರರು ಇಳಿಯಬಾರದು ಎಂದು ಓದಿದರು. ಕೈಯಲ್ಲಿದ್ದ ಚಹಾದ ಲೋಟ ಜಾರಿ ಬಿತ್ತು. ಕಾಶಮ್ಮ ನೆಲ ಒರೆಸಲೂ ಹೋಗದೆ ಎದುರು ಕೂತಳು. ಇಷ್ಟು ದಿನ ಹೊಟ್ಟೆನೋವು, ಪಿತ್ತ ಎಂದು ತಳ್ಳಿದ್ದ ಗಂಡನ ಬಾಯಿ ಇಂದು ಬಿಡಿಸದೆ ಏಳುವುದಿಲ್ಲ ಎಂದಳು. ಹೇಳಿದ. ಹೇಳುತ್ತ ಹೇಳುತ್ತ ಚಿಕ್ಕ ಮಕ್ಕಳ ಹಾಗೆ ಅತ್ತ. ಜೀವನವಿಡೀ ಗಂಡನ ಹೆದರಿಕೆಯನ್ನು ನಗೆಯಾಡಿದವಳು ಆ ಸಂಜೆ ನಗಲಿಲ್ಲ. ಆ ಮಂಜಿಯವರ ಮನೆಯಲ್ಲೂ ಹೆಂಗಸರು ಈಗ ರೇಡಿಯೋ ಮುಂದೆ ಕೂತಿರ್ತಾರೆ ಎಂದಷ್ಟೇ ಅಂದಳು. ಆಮೇಲೆ ದೇವರಿಗೆ ದೀಪ ಹಚ್ಚಿ, ಹೆಸರು ಗೊತ್ತಿಲ್ಲದ ಆ ಮನೆಗಳಿಗಾಗಿ ಕೈಮುಗಿದಳು.

ಮರುದಿನದಿಂದ ಆತ ದಿನವೂ ಬೂತಿಗೆ ಹೋದ. ಮಂಜಿಯ ಸುದ್ದಿ ಇಲ್ಲ ಎಂಬುದೇ ದಿನವೂ ಸಿಗುವ ಉತ್ತರ. ಕೊನೆಗೆ ಏಜೆಂಟರು ಬೇಸತ್ತು, ನಿಮಗೆ ಅವರು ನೆಂಟರಾ ಎಂದು ಕೇಳಿದರು. ಹೌದು ಎಂದುಬಿಟ್ಟ. ಸುದ್ದಿ ಬಂದರೆ ಏನು ಬಂದೀತೋ ಎಂದು ಅರ್ಧ ನಂಬರು ತಿರುಗಿಸಿ ಫೋನಿಟ್ಟು ಮತ್ತೆ ಎತ್ತುತ್ತಿದ್ದ, ಬಾರದಿದ್ದರೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಎಳೆಯಲು ಹೊಸ ಸರಪಳಿ ಬಂದರೆ ಕಿಂಡಿಯಲ್ಲಿ ಕಣ್ಣಿಡಲೂ ಆಗುತ್ತಿರಲಿಲ್ಲ. ಅದು ನರಳಿದರೆ ಎಲ್ಲೋ ಕತ್ತಲ ನೀರಿನಲ್ಲಿ ಆ ಇನ್ನೊಂದು ನರಳಿದಂತೆ ಕೇಳುತ್ತಿತ್ತು.

ಒಂದು ಬೆಳಿಗ್ಗೆ ಗೇಟಿನಲ್ಲಿ ಲಾರಿ ನಿಂತಿತು. ಕ್ಯಾಬಿನ್ನಿನಿಂದ ಇಳಿದವನು ಹಿರಿಯಣ್ಣ. ಉಪ್ಪುಗಾಳಿಗೆ ಕಪ್ಪಾದ ಎತ್ತರದ ಆಳು, ಹೆಗಲ ಮೇಲೆ ದ್ವೀಪದ ತೆಂಗಿನಕಾಯಿಗಳ ಚೀಲ. ಉಜ್ಜನಪ್ಪ ಶೆಡ್ಡಿನ ಕಂಬ ಹಿಡಿದುಕೊಂಡ. ಹೊಡೆಯಲು ಬಂದನೆಂದೇ ತಿಳಿದ. ಅವನು ನೇರ ಬಂದು ಇವನ ಎರಡೂ ಕೈ ಹಿಡಿದುಕೊಂಡ.

“ನಿಮ್ಮ ಸರಪಳಿ ಇಲ್ಲದಿದ್ರೆ ನಾವಿವತ್ತು ಇಲ್ಲ ಮಾರಾಯ್ರೆ.”

ಎಲ್ಲರೂ ಕೆಲಸ ಬಿಟ್ಟು ಸುತ್ತ ನಿಂತರು. ದ್ವೀಪದ ಹೊರಗೆ ಲಂಗರು ಹಾಕಿದ್ದಾಗ ಗಾಳಿ ಎದ್ದಿತಂತೆ. ಎಂಜಿನ್ನಿಗೆ ನೀರು ಹೊಕ್ಕು ನಿಂತಿತಂತೆ. ಮೊದಲ ಲಂಗರು ಬಂಡೆಗೆ ಸಿಕ್ಕಿ ಅದನ್ನು ಸರಪಳಿ ಸಮೇತ ಬಿಟ್ಟುಬಿಡಬೇಕಾಯಿತು, ಉಳಿದದ್ದು ಎರಡನೆಯದೇ. ಇಡೀ ರಾತ್ರಿ ಮಂಜಿ ಆ ಒಂದರ ಮೇಲೆ ತೂಗಿತು. ಆಳುಗಳು ಹಗ್ಗ ಕಟ್ಟಿಕೊಂಡು ಮಲಗಿದ್ದರು, ಅವರಲ್ಲಿ ಅವನ ಅಣ್ಣನ ಇಬ್ಬರು ಮಕ್ಕಳು. ಭದ್ರಾವತಿ ಮುದ್ರೆ ಉಂಟಲ್ಲ, ಹೆದರಬೇಡಿ ಎಂದು ತಾನೇ ಅವರಿಗೆ ಹೇಳಿದ್ದನಂತೆ. ಸರಪಳಿ ಲಾರಿಯಲ್ಲಿದೆ, ಇಷ್ಟು ಒಳ್ಳೆಯದನ್ನು ವಾಪಸು ತರಲು ಯಾಕೆ ಹೇಳಿದಿರಿ, ಅದನ್ನು ಕೇಳಿ ಹೋಗೋಣ ಎಂದೇ ಬಂದೆ ಎಂದು ನಕ್ಕ.

ಶಿವಯೋಗಿಯವರ ಮುಖಕ್ಕೆ ಬಹಳ ದಿನಗಳ ಮೇಲೆ ಕಳೆ ಬಂತು. ಎಲ್ಲೋ ತಪ್ಪು ತಿಳಿವಳಿಕೆ ಆಗಿರಬೇಕು, ಇನ್ನೇನು ಬೇಕು, ಸಮುದ್ರವೇ ಎಳೆದು ನೋಡಿದೆ ಎಂದು ಹಿರಿಯಣ್ಣನ ಬೆನ್ನು ತಟ್ಟಿ ಕಾಫಿ ತರಿಸಲು ಹೇಳಿದರು. ಹೇಳುವಾಗ ಕಣ್ಣು ಮಾತ್ರ ಉಜ್ಜನಪ್ಪನ ಮೇಲಿತ್ತು. ಅಲ್ಲಿಗೆ ಮುಗಿಸಬಹುದಿತ್ತು. ಬದುಕಿ ಬಂದಿದ್ದಾರೆ, ಕೈ ಹಿಡಿದು ಕೊಂಡಾಡುತ್ತಿದ್ದಾರೆ, ಯಾರಿಗೂ ಏನೂ ಗೊತ್ತಿಲ್ಲ. ಆದರೆ ಹಿರಿಯಣ್ಣ ಮತ್ತೆ ಅದೇ ಸರಪಳಿಯನ್ನು ಕೊಂಡೊಯ್ದು, ಮತ್ತೆ ಅದೇ ಮಾತನ್ನು ಆ ಹುಡುಗರಿಗೆ ಹೇಳುತ್ತಾನಲ್ಲ.

“ಅದನ್ನ ನಾನು ಎಳೆದೇ ಇಲ್ಲ ಹಿರಿಯಣ್ಣ. ಎಳೀದೆ ಮುದ್ರೆ ಹೊಡ್ದಿದ್ದೀನಿ. ಈಗ ಎಳೀಬೇಕು.”

ಶಿವಯೋಗಿಯವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಹಿರಿಯಣ್ಣ ಹಿಡಿದಿದ್ದ ಕೈ ಬಿಟ್ಟ. ಸರಪಳಿಯನ್ನು ಗುಂಡಿಗೆ ಇಳಿಸಲು ಅವನೇ ಹೆಗಲು ಕೊಟ್ಟ. ಮುರಳಿ ಪಂಪಿಗೆ ಹೋದ. ತಂಡೇಲ ಹೊರಗೆ ಹೋಗಲು ಒಪ್ಪದೆ ಗೋಡೆಯ ಹಿಂದೆ ಉಜ್ಜನಪ್ಪನ ಪಕ್ಕವೇ ನಿಂತ. ಸರಪಳಿ ಬಿಗಿಯಾಯಿತು, ಗುಂಡಿಯಿಂದ ಎದ್ದಿತು. ಮುಳ್ಳು ಇನ್ನೂ ಅರ್ಧಕ್ಕೆ ಬಂದಿರಲಿಲ್ಲ. ಢಂ ಎಂದು ಗೋಡೆ ಅದುರಿತು, ಕಿಂಡಿಯಿಂದ ಮಣ್ಣು ಅವರ ಮುಖಕ್ಕೆ ರಾಚಿತು.

ಧೂಳು ಇಳಿದ ಮೇಲೆ ಹಿರಿಯಣ್ಣ ಗುಂಡಿಗೆ ಇಳಿದು ಹರಿದ ಕೊಂಡಿಯನ್ನು ಎತ್ತಿಕೊಂಡು ಬಂದ. ಬೆಸುಗೆಯ ಜಾಗದಲ್ಲಿ ಒಳಗೆಲ್ಲ ಕಪ್ಪು, ಕುಲುಮೆಯಲ್ಲಿ ಕಬ್ಬಿಣ ಕಬ್ಬಿಣಕ್ಕೆ ಕೂಡಿಯೇ ಇರಲಿಲ್ಲ. ಒಂದು ಅಂಚಿನಲ್ಲಿ ಮಾತ್ರ ಉಗುರಿನಷ್ಟು ಜಾಗ ಹೊಸ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಆ ರಾತ್ರಿ ಹಿಡಿದಿದ್ದದ್ದು ಅಷ್ಟೇ. ಅವನು ಆ ಹೊಳಪಿನ ಮೇಲೆ ಹೆಬ್ಬೆರಳಿಟ್ಟು ನೋಡಿದ, ಹೆಬ್ಬೆರಳೇ ದೊಡ್ಡದಿತ್ತು. ಬಿರುಗಾಳಿಯಲ್ಲಿ ನಿಂತು ಬಂದ ಮನುಷ್ಯ ಅಲ್ಲಿಯೇ ನೆಲದ ಮೇಲೆ ಕೂತು, ಎರಡು ಕೈಯಲ್ಲಿ ತಲೆ ಹಿಡಿದುಕೊಂಡ. ಯಾರೋ ನೀರು ತಂದುಕೊಟ್ಟರು. ಲೋಟ ಹಲ್ಲಿಗೆ ತಾಗಿ ಕಟಕಟ ಸದ್ದಾಯಿತು.

ಬೈಗುಳಕ್ಕೆ, ಏಟಿಗೆ, ಪೊಲೀಸಿಗೆ, ಎಲ್ಲಕ್ಕೂ ಉಜ್ಜನಪ್ಪ ತಲೆ ತಗ್ಗಿಸಿ ನಿಂತಿದ್ದ. ಹಿರಿಯಣ್ಣ ಕೊಂಡಿಯನ್ನು ಅವನ ಕಾಲ ಬಳಿ ಇಟ್ಟ. ಬಂದರಿನವರಿಗೆ ತಾನು ಹೇಳುವುದಿಲ್ಲ, ಇಂದು ಉಜ್ಜನಪ್ಪ ಬಾಯಿ ಬಿಡದಿದ್ದರೆ ತಾನು ಅದನ್ನೇ ಹೊತ್ತು ಹೋಗುತ್ತಿದ್ದ ಎಂಬುದು ಗೊತ್ತಿದೆ ಎಂದ. ಆದರೆ ಇನ್ನು ಆ ಮುದ್ರೆಯನ್ನು ತೋರಿಸಿ ಹುಡುಗರಿಗೆ ಮಲಗಿ ಎನ್ನಲು ತನ್ನಿಂದಾಗುವುದಿಲ್ಲ ಎಂದ.

“ಹೊಸ ಸರಪಳಿ ಮಾಡಿ ಕೊಡಿ. ಅದರ ಜೊತೆ ನೀವು ಬರ್ಬೇಕು. ಹೊರಗೆ ಲಂಗರು ಹಾಕ್ತೇನೆ, ನೀವು ನಮ್ಮ ಒಟ್ಟಿಗೆ ಒಂದು ರಾತ್ರಿ ಮಲಗ್ಬೇಕು. ನೀವು ಮಲಗಿದ್ದನ್ನು ನೋಡಿದ್ರೆ ಅವರು ಮಲಗ್ತಾರೆ.”

ಮುರಳಿ ಮುಖ ತಿರುಗಿಸಿದ. ಈ ಮನುಷ್ಯನನ್ನು ತುಂಗೆಯ ತೆಪ್ಪಕ್ಕೂ ಹತ್ತಿಸಲಾಗದು ಎಂಬುದು ಕಾರ್ಖಾನೆಗೆಲ್ಲ ಗೊತ್ತಿತ್ತು.

“ಬರ್ತೀನಿ,” ಎಂದ ಉಜ್ಜನಪ್ಪ.

ಹೊಸ ಸರಪಳಿ ಕುಲುಮೆಯಿಂದ ಇಳಿಯುವ ತನಕ ಅವನು ಬೆಸುಗೆಯವರ ಪಕ್ಕದಿಂದ ಕದಲಲಿಲ್ಲ. ಎಳೆದ, ಇಳಿಸಿದ, ಮತ್ತೆ ಎಳೆಸಿದ. ಕೊಂಡಿ ಕೊಂಡಿಗೂ ಕಿವಿ ಹಚ್ಚಿ ಬಡಿದ. ಬೇರೆಯವರು ಊಟಕ್ಕೆ ಹೋದರೂ ಬಡಿಯುತ್ತಲೇ ಇದ್ದ. ಇಷ್ಟು ವರ್ಷ ಆ ಗೋಡೆಯ ಹಿಂದೆ ತಾನು ಹೆದರಿದ್ದು ತನ್ನ ಒಂದು ತಲೆಗಾಗಿ ಎಂಬುದು ಆಗ ಅವನಿಗೆ ಹೊಳೆಯಿತು. ಎಳೆತದಲ್ಲಿ ಹರಿದ ಸರಪಳಿಗಳಿಂದ ಯಾರೂ ಸತ್ತಿರಲಿಲ್ಲ. ಹರಿಯದೆ ಗೇಟು ದಾಟಿ ಹೋದವುಗಳ ಮೇಲೆ ಯಾರು ಯಾರು ಮಲಗಿದ್ದರೋ, ಒಮ್ಮೆಯೂ ನೆನೆಸಿಕೊಂಡಿರಲಿಲ್ಲ.

ಲಾರಿ ಹೊರಡುವ ದಿನ ಕಾಶಮ್ಮ ರೊಟ್ಟಿಯ ಬುತ್ತಿ, ಒಂದು ಕಂಬಳಿ ಹಿಡಿದುಕೊಂಡು ಮಾಚೇನಹಳ್ಳಿಗೇ ಬಂದಳು. ಕ್ಯಾಬಿನ್ನಿನಲ್ಲಿ ಹಿರಿಯಣ್ಣನ ಪಕ್ಕ ಜಾಗವಿದ್ದರೂ ಗಂಡ ಹಿಂದೆ ಸರಪಳಿಯ ರಾಶಿಯ ಮೇಲೆ ಹತ್ತಿ ಕೂತಿದ್ದ. ಮುಖ ಬಿಳಿಚಿಕೊಂಡಿತ್ತು, ಎರಡು ಕೈಯಲ್ಲೂ ಕೊಂಡಿಗಳನ್ನು ಬಿಗಿಯಾಗಿ ಹಿಡಿದಿದ್ದ. ಅವಳು ಕಂಬಳಿ ಎತ್ತಿಕೊಟ್ಟು, ಸುತ್ತ ಯಾರೂ ಕೇಳದ ಹಾಗೆ ಕೇಳಿದಳು.

“ಹೆದರಿಕೆ ಆಗ್ತಿಲ್ವಾ?”

“ಆಗ್ತಿದೆ,” ಎಂದ ಉಜ್ಜನಪ್ಪ. “ಆಗ್ಲಿ ಬಿಡು. ಇಷ್ಟು ದಿನ ಆಗ್ಬೇಕಾದಷ್ಟು ಆಗಿರ್ಲಿಲ್ಲ.”